ನೇತ್ರವೈದ್ಯ ಗೋವಿಂದಪ್ಪ ವೆಂಕಟಸ್ವಾಮಿ

ಕಣ್ಣಿನ ಪೊರೆಯಿಂದ ಉಂಟಾಗುವ ಅಂಧತ್ವವು ಶಸ್ತ್ರಚಿಕಿತ್ಸೆಯಿಂದ ನಿವಾರಣೆಯಾಗುವಂಥದು. ಆದರೂ ವೆಚ್ಚ ಮತ್ತು ದೂರ ಇವೆರಡೂ ಬಡವರನ್ನು ಕತ್ತಲೆಯಲ್ಲಿಯೇ ಉಳಿಸಿದ್ದವು. ಕನ್ನಡ ನಾಡಿನಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ತೆರಳಿ ಸಾಮೂಹಿಕ ನೇತ್ರಚಿಕಿತ್ಸೆಗೆ ಹೆಸರಾದರೆ, ತಮಿಳುನಾಡಿನಲ್ಲಿ ಆ ಸೇವೆಗೆ ಸ್ವಾವಲಂಬಿ ಸಂಸ್ಥೆಯ ರೂಪವನ್ನಿತ್ತವರು ಡಾ. ಗೋವಿಂದಪ್ಪ ವೆಂಕಟಸ್ವಾಮಿ.

ಎಟ್ಟಯಪುರದ ಸಮೀಪದ ವಡಮಲಾಪುರದ ರೈತ ಕುಟುಂಬದಲ್ಲಿ 1918ರ ಅಕ್ಟೋಬರ್ 1ರಂದು ಅವರು ಜನಿಸಿದರು. ಬಂಧುವರ್ಗದ ಹೆಣ್ಣುಮಕ್ಕಳು ಬಸಿರು-ಬಾಣಂತನದ ತೊಡಕುಗಳಿಂದ ಅಕಾಲಮರಣಕ್ಕೆ ತುತ್ತಾದುದನ್ನು ಕಂಡ ಅವರಿಗೆ ಪ್ರಸೂತಿ ವೈದ್ಯನಾಗಬೇಕೆಂಬ ಹಂಬಲವಿತ್ತು. 1944ರಲ್ಲಿ ಮದರಾಸಿನ ಸ್ಟ್ಯಾನ್ಲಿ ವೈದ್ಯಕೀಯ ಕಾಲೇಜಿನಿಂದ ಪದವಿ ಪಡೆದು ಸೈನ್ಯದ ವೈದ್ಯಸೇವೆಗೆ ಸೇರಿದರು. ಆದರೆ ತೀವ್ರ ಸಂಧಿವಾತದಿಂದಾಗಿ 1948ರಲ್ಲಿ ಸೈನ್ಯವನ್ನು ತೊರೆಯಬೇಕಾಯಿತು. ಕೈಬೆರಳುಗಳು ಶಾಶ್ವತವಾಗಿ ಸೊಟ್ಟಗಾದವು. ಪ್ರಸೂತಿ ವೈದ್ಯನಾಗುವ ಆಸೆ ಅಲ್ಲಿಗೆ ಮುಗಿಯಿತು.

ಅವರ ಬಾಳಿಗೆ ಹೊಸ ದಿಕ್ಕು ದೊರೆತದ್ದು ಮದರಾಸಿನಲ್ಲಿಯೇ. 1819ರಲ್ಲಿ ಸ್ಥಾಪಿತವಾದ ಅಲ್ಲಿನ ಸರಕಾರಿ ಕಣ್ಣಾಸ್ಪತ್ರೆಯಲ್ಲಿ ವ್ಯಾಸಂಗ ಮಾಡಿ 1951ರಲ್ಲಿ ನೇತ್ರವಿಜ್ಞಾನದ ಡಿಪ್ಲೊಮಾ ಪಡೆದರು. ತಮ್ಮ ಬೆರಳುಗಳಿಗೆ ಒಗ್ಗುವ ಉಪಕರಣಗಳನ್ನು ರೂಪಿಸಿಕೊಂಡು, ಸತತ ಅಭ್ಯಾಸದಿಂದ ಸೂಕ್ಷ್ಮ ಶಸ್ತ್ರಕ್ರಿಯೆಯನ್ನು ಕೈವಶ ಮಾಡಿಕೊಂಡರು. ಜೀವಿತಾವಧಿಯಲ್ಲಿ ಆ ಕೈಗಳು ನಡೆಸಿದ ಶಸ್ತ್ರಚಿಕಿತ್ಸೆಗಳ ಸಂಖ್ಯೆ ಲಕ್ಷವನ್ನು ಮೀರಿತು.

1956ರಿಂದ ಮಧುರೆಯ ಸರಕಾರಿ ವೈದ್ಯಕೀಯ ಕಾಲೇಜಿನಲ್ಲಿ ನೇತ್ರವಿಭಾಗದ ಮುಖ್ಯಸ್ಥರಾಗಿದ್ದು, ಹಳ್ಳಿಗಳಲ್ಲಿ ಶಿಬಿರಗಳನ್ನು ನಡೆಸಿದರು. 1973ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. 1976ರಲ್ಲಿ ನಿವೃತ್ತರಾದೊಡನೆ, ಒಡಹುಟ್ಟಿದವರ ನೆರವಿನಿಂದ ಮಧುರೆಯಲ್ಲಿ 11 ಹಾಸಿಗೆಗಳ ಅರವಿಂದ ಕಣ್ಣಾಸ್ಪತ್ರೆಯನ್ನು ತೆರೆದರು. ಶಕ್ತರು ನೀಡಿದ ಶುಲ್ಕದಿಂದಲೇ ಅಶಕ್ತರ ಚಿಕಿತ್ಸೆ ನಡೆಯಬೇಕು. ವೈದ್ಯರ ಕೌಶಲದಲ್ಲಿ ಇಬ್ಬರಿಗೂ ಭೇದವಿರಬಾರದು ಎಂಬುದು ಅದರ ತಳಹದಿ. ಹಳ್ಳಿಯ ತರುಣಿಯರಿಗೆ ತರಬೇತಿ ನೀಡಿ ಪೂರ್ವಸಿದ್ಧತೆಯನ್ನೂ ಶುಶ್ರೂಷೆಯನ್ನೂ ಅವರಿಗೆ ವಹಿಸಿದುದರಿಂದ ವೈದ್ಯರ ವೇಳೆ ಶಸ್ತ್ರಕ್ರಿಯೆಗೇ ಮೀಸಲಾಯಿತು. ಒಬ್ಬ ರೋಗಿಯ ಶಸ್ತ್ರಕ್ರಿಯೆ ಮುಗಿಯುವಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಮತ್ತೊಬ್ಬರು ಸಿದ್ಧರಾಗಿರುತ್ತಿದ್ದರು. ಹೀಗೆ ಸಂಖ್ಯೆ ಹೆಚ್ಚಿದಂತೆ ತಲಾ ವೆಚ್ಚ ಇಳಿಯಿತು.

ಆದರೂ ಒಂದು ತಾರತಮ್ಯ ಉಳಿದಿತ್ತು. ಪೊರೆ ತೆಗೆದ ಕಣ್ಣಿನೊಳಗೆ ಕೃತಕ ಮಸೂರವನ್ನಿಡುವ ಪದ್ಧತಿ ಬಂದಾಗ, ವಿದೇಶೀ ಮಸೂರದ ಬೆಲೆ ಬಡವರಿಗೆ ನಿಲುಕದಾಯಿತು. ಅವರ ಪಾಲಿಗೆ ದಪ್ಪ ಕನ್ನಡಕವೇ ಗತಿಯಾಗಿತ್ತು. 1992ರಲ್ಲಿ ಆರಂಭವಾದ ಅರೋಲ್ಯಾಬ್ ಮಧುರೆಯಲ್ಲಿಯೇ ಮಸೂರವನ್ನು ತಯಾರಿಸಿ, ನೂರು ಡಾಲರಿನ ಆಸುಪಾಸಿನಲ್ಲಿದ್ದ ಅದರ ಬೆಲೆಯನ್ನು ಸುಮಾರು ಹತ್ತು ಡಾಲರಿಗೆ ಇಳಿಸಿತು.

ವೆಂಕಟಸ್ವಾಮಿಯವರು 2006ರ ಜುಲೈ 7ರಂದು ನಿಧನರಾದರು. ಅವರಿಗೆ ವಿದ್ಯೆಯನ್ನಿತ್ತ ಚೆನ್ನೈಯಲ್ಲಿಯೂ 2017ರಲ್ಲಿ ಅರವಿಂದ ಕಣ್ಣಾಸ್ಪತ್ರೆ ಆರಂಭವಾಯಿತು. ದಾನಿಗಳ ದಯೆಯನ್ನೇ ನೆಚ್ಚದೆ ಬಡವರ ಚಿಕಿತ್ಸೆಯನ್ನು ನಿರಂತರವಾಗಿ ನಡೆಸಬಹುದೆಂದು ತೋರಿಸಿಕೊಟ್ಟುದೇ ಅವರ ಬಾಳಿನ ಮುಖ್ಯ ಸಾಧನೆ.