ಸಂತ ಜೆರೋಮರು: ಭಕ್ತಿಯ ಕಾವು, ದೇವವಾಕ್ಯದ ಅರಿವು

ಸೆಪ್ಟೆಂಬರ್ 30ರಂದು ಧರ್ಮಸಭೆಯು ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಸಂತ ಅಂತೋನಿಯವರಿಗೆ ಇರುವಷ್ಟು ಭಕ್ತರು ಇವರಿಗೆ ನಮ್ಮ ಕರಾವಳಿಯಲ್ಲಿ ಇಲ್ಲ. ಆದರೂ 2019ರಲ್ಲಿ ಇದೇ ಹಬ್ಬದ ದಿನ ಪೋಪ್ ಫ್ರಾನ್ಸಿಸ್‌ರವರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಘೋಷಿಸಿದ ಮೇಲೆ, ಪವಿತ್ರ ಗ್ರಂಥದ ಈ ಪಂಡಿತರ ಹೆಸರು ವರ್ಷಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳುತ್ತಿದೆ.

ಧರ್ಮಕೇಂದ್ರಗಳ ಸಭೆಗಳಲ್ಲಿ ನಾವು ಆಗಾಗ ಕೇಳುವ ಒಂದು ತಗಾದೆ ಇದೆ. ಕೈಯೆತ್ತಿ ಸ್ತುತಿಸುವವರಿಗೆ ಬೈಬಲ್ ಕಲಿತವರ ಪ್ರಾರ್ಥನೆ ಒಣಕಲಾಗಿ ಕಾಣುತ್ತದೆ. ಬೈಬಲ್ ಕಲಿತವರಿಗೆ ಉಳಿದವರದ್ದು ಬರೀ ಗದ್ದಲ ಎನಿಸುತ್ತದೆ. ಜೆರೋಮರಲ್ಲಿ ಈ ಎರಡೂ ತುಂಬಿ ತುಳುಕುತ್ತಿದ್ದವು. ಎರಡೂ ಕಡೆ ಅವರು ಎಡವಿದ್ದೂ ಉಂಟು. ಆದ್ದರಿಂದಲೇ ಅವರ ಜೀವನವನ್ನು ಸ್ವಲ್ಪ ವಿವರವಾಗಿ ನೋಡೋಣ.

ಜೆರೋಮರು ಹುಟ್ಟಿದ್ದು ಕ್ರಿ.ಶ. ಸುಮಾರು 347ರಲ್ಲಿ, ದಲ್ಮಾಷಿಯದ ಗಡಿಯಲ್ಲಿದ್ದ ಸ್ಟ್ರಿಡೊನ್ ಎಂಬ ಊರಿನಲ್ಲಿ. ಅನುಕೂಲಸ್ಥ ಕ್ರೈಸ್ತ ಕುಟುಂಬ. ಓದಲು ರೋಮಿಗೆ ಹೋದ ಅವರು ಹೆಸರಾಂತ ವ್ಯಾಕರಣ ಪಂಡಿತ ದೊನಾತಸ್ ಅವರ ಶಿಷ್ಯರಾದರು. ದೀಕ್ಷಾಸ್ನಾನ ಪಡೆದದ್ದೂ ಅಲ್ಲಿಯೇ. ಭಾನುವಾರಗಳಂದು ಗೆಳೆಯರ ಜೊತೆ ನೆಲದಡಿಯ ಕತ್ತಲ ಸುರಂಗಗಳಿಗೆ ಇಳಿದು ಪ್ರೇಷಿತರ, ರಕ್ತಸಾಕ್ಷಿಗಳ ಸಮಾಧಿಗಳನ್ನು ಸಂದರ್ಶಿಸುತ್ತಿದ್ದರೆಂದು ಮುಂದೆ ಮುಪ್ಪಿನಲ್ಲಿ ನೆನಪಿಸಿಕೊಂಡಿದ್ದಾರೆ. ವಾರದ ದಿನಗಳಲ್ಲಿ ಸಿಸೆರೊ, ಭಾನುವಾರ ಸಮಾಧಿ. ಎರಡು ಪ್ರೀತಿಗಳೂ ಕೊನೆಯವರೆಗೆ ಅವರನ್ನು ಬಿಡಲಿಲ್ಲ.

ಪೂರ್ವದೇಶಕ್ಕೆ ಹೊರಟ ಮೇಲೆ ಒಮ್ಮೆ ಅವರಿಗೆ ಕಠಿಣ ಜ್ವರ ಬಂದಿತು. ಆಗ ಕಂಡ ಕನಸಿನಲ್ಲಿ ಕ್ರಿಸ್ತರ ನ್ಯಾಯಪೀಠದ ಮುಂದೆ ನಿಂತಿದ್ದರು. ನೀನು ಕ್ರೈಸ್ತನಲ್ಲ, ಸಿಸೆರೊನ ಹಿಂಬಾಲಕ ಎಂಬ ಆರೋಪ ಅವರ ಮೇಲೆ ಬಂದಿತು. ಎಚ್ಚರವಾದ ಮೇಲೆ ಸಿರಿಯಾದ ಕಾಲ್ಕಿಸ್ ಮರುಭೂಮಿಗೆ ಹೋಗಿ ಉಪವಾಸ, ಜಾಗರಣೆಗಳಲ್ಲಿ ದೇಹವನ್ನು ದಂಡಿಸಿದರು. ಆದರೆ ದೇಹ ಬಾಡಿದರೂ ಮನಸ್ಸು ಬಾಡಲಿಲ್ಲ. ಸುತ್ತ ಚೇಳು ಮತ್ತು ಕಾಡುಮೃಗಗಳಿದ್ದರೂ ಕಣ್ಣ ಮುಂದೆ ಬರುತ್ತಿದ್ದುದು ರೋಮಿನ ನರ್ತಕಿಯರು ಎಂದು ಅವರೇ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಬರೀ ಉತ್ಸಾಹದಿಂದ ಆಗದು ಎಂದು ಅರಿತು ಅವರು ಕ್ರೈಸ್ತರಾಗಿದ್ದ ಯೆಹೂದ್ಯ ಸನ್ಯಾಸಿಯೊಬ್ಬರ ಬಳಿ ಹೀಬ್ರೂ ಅಕ್ಷರಾಭ್ಯಾಸಕ್ಕೆ ಕುಳಿತರು. ಸಿಸೆರೊನ ಸಿಹಿ ಲತೀನ್ ಸವಿದ ನಾಲಗೆಗೆ ಗಂಟಲಿನಿಂದ ಹೊರಡುವ ಆ ಧ್ವನಿಗಳು ಬಹಳ ಕಷ್ಟವಾದವು. ಎಷ್ಟೋ ಸಲ ಕೈಚೆಲ್ಲಿ, ಪುನಃ ಹಿಡಿದರು. ಪ್ರಾರ್ಥನೆಗೆ ನೆರವಾಗಲೆಂದು ವ್ಯಾಕರಣವನ್ನು ಕಲಿತ ಸನ್ಯಾಸಿ ಎಂದರೆ ಇವರೇ ಇರಬೇಕು.

ಮುಂದೆ ಅಂತಿಯೋಕ್ಯದಲ್ಲಿ ಗುರುದೀಕ್ಷೆ ಪಡೆದು, 382ರಲ್ಲಿ ರೋಮಿಗೆ ಮರಳಿ ಪೋಪ್ ದಮಾಸಸ್ ಅವರ ಕಾರ್ಯದರ್ಶಿಯಾದರು. ಆಗ ದೇವಾಲಯಗಳಲ್ಲಿ ಓದುತ್ತಿದ್ದ ಲತೀನ್ ಶುಭಸಂದೇಶಗಳಲ್ಲಿ ಪ್ರತಿಯಿಂದ ಪ್ರತಿಗೆ ವ್ಯತ್ಯಾಸವಿತ್ತು. ಅವುಗಳನ್ನು ಗ್ರೀಕ್ ಮೂಲದೊಡನೆ ಹೋಲಿಸಿ ತಿದ್ದುವ ಕೆಲಸವನ್ನು ಪೋಪ್‌ರವರು ಇವರಿಗೆ ಒಪ್ಪಿಸಿದರು. ಅದೇ ಸಮಯದಲ್ಲಿ ಮಾರ್ಸೆಲ್ಲಾ ಎಂಬ ಶ್ರೀಮಂತ ವಿಧವೆಯ ಮನೆಯಲ್ಲಿ ಸೇರುತ್ತಿದ್ದ ಮಹಿಳೆಯರಿಗೆ ಪವಿತ್ರ ಗ್ರಂಥವನ್ನು ಕಲಿಸತೊಡಗಿದರು. ಅವರಲ್ಲಿ ಪೌಲಾ ಮತ್ತು ಆಕೆಯ ಹೆಣ್ಣುಮಕ್ಕಳೂ ಇದ್ದರು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಪೌಲಾರ ಹಿರಿಯ ಮಗಳು ಬ್ಲೆಸಿಲ್ಲಾ ಮದುವೆಯಾಗಿ ಏಳು ತಿಂಗಳಿಗೆ ವಿಧವೆಯಾದವಳು. ಒಂದು ಜ್ವರದ ನಂತರ ಆಕೆ ಮನಸ್ಸು ತಿರುಗಿಸಿ, ಜೆರೋಮರ ಮಾರ್ಗದರ್ಶನದಲ್ಲಿ ಕಠಿಣ ತಪಶ್ಚರ್ಯೆಗೆ ಇಳಿದಳು. ಹೀಬ್ರೂವನ್ನೂ ಬೇಗ ಕಲಿತಳು. ಆದರೆ ಕೆಲವೇ ತಿಂಗಳಲ್ಲಿ, 384ರಲ್ಲಿ, ಸುಮಾರು 20ರ ಪ್ರಾಯದಲ್ಲಿ ತೀರಿಕೊಂಡಳು. ಶವಯಾತ್ರೆಯಲ್ಲಿ ತಾಯಿ ಮೂರ್ಛೆ ಹೋದರು. ಉಪವಾಸವೇ ಹುಡುಗಿಯನ್ನು ಕೊಂದಿತು, ಈ ಸನ್ಯಾಸಿಗಳನ್ನು ಊರಿನಿಂದ ಓಡಿಸಬೇಕು ಎಂದು ಜನ ಗುಸುಗುಸು ಮಾತನಾಡಿದರು. ಜೆರೋಮರು ಪೌಲಾರಿಗೆ ಬರೆದ ಸಾಂತ್ವನ ಪತ್ರದಲ್ಲಿ ತಾವೂ ಅತ್ತುದನ್ನು ಹೇಳುತ್ತಾರೆ. ಆದರೆ ಅತಿಯಾಗಿ ಅಳುತ್ತೀರೆಂದು ಆ ತಾಯಿಯನ್ನೇ ಗದರಿಸುತ್ತಾರೆ. ಆ ಪತ್ರವನ್ನು ಇಂದು ಓದುವಾಗ ನಮಗೆ ಕಸಿವಿಸಿಯಾಗುತ್ತದೆ. ಸಂತರೆಂದ ಮಾತ್ರಕ್ಕೆ ಎಲ್ಲವನ್ನೂ ಸಮರ್ಥಿಸಬೇಕಾಗಿಲ್ಲ. ಆಗತಾನೇ ಜ್ವರದಿಂದ ಎದ್ದ ಹುಡುಗಿಗೆ ಎಷ್ಟು ಉಪವಾಸ ತಕ್ಕದ್ದು ಎಂದು ಅಳೆದು ಹೇಳಬೇಕಾಗಿದ್ದವರು ಆಕೆಯ ಗುರುಗಳೇ ಆಗಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಪೋಪ್ ದಮಾಸಸ್ ತೀರಿಕೊಂಡರು. ಮರುವರ್ಷ ಜೆರೋಮರು ರೋಮ್ ಬಿಟ್ಟರು.

386ರಲ್ಲಿ ಅವರು ಬೆತ್ಲೆಹೇಮಿನಲ್ಲಿ ನೆಲೆಸಿದರು. ಪೌಲಾ ಮತ್ತು ಇನ್ನೊಬ್ಬ ಮಗಳು ಯೂಸ್ಟೋಕಿಯಮ್ ಕೂಡ ಅಲ್ಲಿಗೆ ಬಂದಿದ್ದರು. ಪೌಲಾ ತಮ್ಮ ಆಸ್ತಿಯನ್ನೆಲ್ಲ ಸುರಿದು ಪುರುಷರಿಗೆ ಒಂದು, ಮಹಿಳೆಯರಿಗೆ ಮೂರು ಮಠಗಳನ್ನು ಮತ್ತು ಯಾತ್ರಿಕರಿಗೆ ಛತ್ರವನ್ನು ಕಟ್ಟಿಸಿದರು. ನಮ್ಮ ಗಾಯನವೃಂದದವರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಪೌಲಾರ ಮಠದ ಸಹೋದರಿಯರು ಮುಂಜಾನೆ, ಮೂರನೆಯ, ಆರನೆಯ, ಒಂಬತ್ತನೆಯ ಗಳಿಗೆಗಳಲ್ಲಿ, ಸಂಜೆ ಮತ್ತು ನಡುರಾತ್ರಿಯಲ್ಲಿ ಕೀರ್ತನೆಗಳನ್ನು ಹಾಡುತ್ತಿದ್ದರು. ಕೀರ್ತನೆಗಳು ಬಾಯಿಗೆ ಬಾರದ ಸಹೋದರಿ ಯಾರೂ ಇರಕೂಡದು. ಪ್ರತಿಯೊಬ್ಬರೂ ದಿನಾಲು ಪವಿತ್ರ ಗ್ರಂಥದಿಂದ ಏನಾದರೂ ಹೊಸದನ್ನು ಕಲಿಯಲೇಬೇಕು. ಪೌಲಾ ತಾವೇ ಹೀಬ್ರೂ ಕಲಿತು ಲತೀನಿನ ಸೋಂಕಿಲ್ಲದ ಉಚ್ಚಾರಣೆಯಲ್ಲಿ ಕೀರ್ತನೆ ಹಾಡುತ್ತಿದ್ದರೆಂದು ಜೆರೋಮರು ಹೆಮ್ಮೆಪಟ್ಟಿದ್ದಾರೆ. ಬ್ಲೆಸಿಲ್ಲಾಳ ವಿಷಯದಲ್ಲಿ ತಪ್ಪಿಹೋದ ಹದ ಇಲ್ಲಿ, ಹಾಡು ಮತ್ತು ಪಾಠದ ಈ ದಿನಚರಿಯಲ್ಲಿ, ಸಿಕ್ಕಿತೆಂದು ನಮಗೆ ತೋರುತ್ತದೆ.

ಹಳೆಯ ಒಡಂಬಡಿಕೆಯನ್ನು ನೇರವಾಗಿ ಹೀಬ್ರೂವಿನಿಂದ ಲತೀನಿಗೆ ತರುವ ಕೆಲಸ ಸುಮಾರು 390ರಿಂದ 405ರವರೆಗೆ, ಹದಿನೈದು ವರ್ಷ ನಡೆಯಿತು. ಯೆಹೂದ್ಯ ಗುರುವೊಬ್ಬರು ತಮ್ಮವರಿಗೆ ಹೆದರಿ ರಾತ್ರಿ ಹೊತ್ತು ಬಂದು ಪಾಠ ಹೇಳುತ್ತಿದ್ದರು. ಈ ಅನುವಾದವನ್ನು ಎಲ್ಲರೂ ಸ್ವಾಗತಿಸಿದರೆಂದು ತಿಳಿಯಬೇಡಿ. ಈಗಿನ ಲಿಬಿಯಾದ ತ್ರಿಪೋಲಿ, ಆಗಿನ ಒಯಾ ಪಟ್ಟಣದಲ್ಲಿ ಧರ್ಮಾಧ್ಯಕ್ಷರೊಬ್ಬರು ಪೂಜೆಯಲ್ಲಿ ಪ್ರವಾದಿ ಯೋನನ ಗ್ರಂಥವನ್ನು ಈ ಹೊಸ ಅನುವಾದದಿಂದ ಓದಿಸಿದರು. ಯೋನನಿಗೆ ನೆರಳು ಕೊಟ್ಟದ್ದು ಸೋರೆಬಳ್ಳಿ ಎಂದು ಜನ ತಲೆಮಾರುಗಳಿಂದ ಕೇಳಿ, ಹಾಡಿ ಬಂದಿದ್ದರು. ಈಗ ಅಲ್ಲಿ ಐವಿ ಎಂಬ, ಗೋಡೆಗೆ ಹಬ್ಬುವ ಬಳ್ಳಿ ಬಂದುಬಿಟ್ಟಿತ್ತು! ದೇವಾಲಯದಲ್ಲಿ ಕೋಲಾಹಲವೆದ್ದಿತು. ಧರ್ಮಾಧ್ಯಕ್ಷರು ಊರಿನ ಯೆಹೂದ್ಯರನ್ನು ಕೇಳಿದಾಗ ಅವರೂ ಹಳೆಯ ಪದವೇ ಸರಿ ಎಂದರು. ಕೊನೆಗೆ ತಮ್ಮ ಜನರೆಲ್ಲ ಬಿಟ್ಟು ಹೋದಾರೆಂಬ ಭಯದಿಂದ ಆ ಪದವನ್ನು ತಿದ್ದಬೇಕಾಯಿತು.

ಈ ಸುದ್ದಿಯನ್ನು 403ರಲ್ಲಿ ಜೆರೋಮರಿಗೆ ಬರೆದು ತಿಳಿಸಿದವರು ಸಂತ ಅಗಸ್ಟೀನರು. ಜನರ ಕಿವಿಯಲ್ಲಿ, ನೆನಪಿನಲ್ಲಿ ಬೇರೂರಿದ ಪಾಠವನ್ನು ಅಲುಗಾಡಿಸಿದರೆ ವಿಶ್ವಾಸವೂ ಅಲುಗಾಡೀತು ಎಂಬುದು ಅವರ ಅಳಲು. ಜೆರೋಮರು ಮೊದಲೇ ಮುಂಗೋಪಿ. ಉತ್ತರ ಖಾರವಾಗಿಯೇ ಇತ್ತು. ಮೂಲದ ಗಿಡಕ್ಕೆ ಲತೀನಿನಲ್ಲಿ ಹೆಸರೇ ಇಲ್ಲ, ಹಿಂದಿನ ಗ್ರೀಕ್ ಅನುವಾದಕರನ್ನು ಅನುಸರಿಸಿದ್ದೇನೆ ಎಂದರು. ಹೀಬ್ರೂ ಪದವನ್ನು ಹಾಗೆಯೇ ಇಟ್ಟಿದ್ದರೆ ಪಂಡಿತರು ಅದನ್ನು ಇಂಡಿಯಾದ ಯಾವುದೋ ಮೃಗವೆಂದು ವ್ಯಾಖ್ಯಾನಿಸುತ್ತಿದ್ದರು ಎಂದು ಬೇರೆಡೆ ತಮಾಷೆಯನ್ನೂ ಮಾಡಿದ್ದಾರೆ. (ನಮ್ಮ ದೇಶದ ಹೆಸರು ಈ ಜಗಳದಲ್ಲೂ ಬಂತು!) ಅಗಲ ಎಲೆಯ, ಬೇಗ ಬೆಳೆಯುವ, ತನ್ನ ಕಾಂಡದ ಮೇಲೆಯೇ ನಿಲ್ಲುವ ಗಿಡವೆಂದು ಅವರು ಕೊಟ್ಟ ವರ್ಣನೆ ಹರಳು ಗಿಡಕ್ಕೆ ಹೊಂದುತ್ತದೆಂದು ಇಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಅಂದರೆ ಸೋರೆಯೂ ಅಲ್ಲ, ಐವಿಯೂ ಅಲ್ಲ. ಪಾಂಡಿತ್ಯದಲ್ಲಿ ಜೆರೋಮರ ಕೈ ಮೇಲಿತ್ತು. ಆದರೆ ಪೀಠದ ಮುಂದೆ ಕುಳಿತ ಜನರ ಮನಸ್ಸನ್ನು ಹೆಚ್ಚು ಬಲ್ಲವರು ಅಗಸ್ಟೀನರು ಎಂದು ಹೇಳದೆ ಗತಿಯಿಲ್ಲ.

ಹಾಗೆಂದು ಜೆರೋಮರು ಸಾಮಾನ್ಯರ ಭಕ್ತಿಯನ್ನು ಕೀಳಾಗಿ ಕಂಡವರಲ್ಲ. 406ರಲ್ಲಿ ಗಾಲ್ ದೇಶದ ವಿಜಿಲಾಂಶಿಯಸ್ ಎಂಬ ಗುರುವು ರಕ್ತಸಾಕ್ಷಿಗಳ ಅವಶೇಷಗಳಿಗೆ ಗೌರವ ತೋರುವುದನ್ನೂ ಹಗಲಿನಲ್ಲೇ ಮೇಣದಬತ್ತಿ ಹಚ್ಚುವುದನ್ನೂ ರಾತ್ರಿ ಜಾಗರಣೆಗಳನ್ನೂ ಹಳಿದಾಗ, ಜೆರೋಮರು ಒಂದೇ ರಾತ್ರಿಯಲ್ಲಿ ಉತ್ತರ ಬರೆಸಿದರು. ಎದುರಾಳಿಯ ಹೆಸರಿಗೆ ಎಚ್ಚರವಿರುವವನು ಎಂಬ ಅರ್ಥವಿದ್ದುದರಿಂದ ಅದನ್ನು ನಿದ್ದೆಬಡುಕ ಎಂದು ತಿರುಚಿದರು. ಇದೇನೂ ಮಾದರಿಯ ಸಭ್ಯತೆಯಲ್ಲ. ಆದರೆ ವಾದ ಗಟ್ಟಿಯಾಗಿದೆ. ಕೆಲವು ಸರಳ ಜನರ ಮೇಣದಬತ್ತಿಗಳ ಹಿಂದೆ ಉತ್ಸಾಹವಿದೆ, ತಿಳುವಳಿಕೆ ಸಾಲದು ಎಂದು ಸಂತ ಪೌಲರ ಮಾತಿನ ಜಾಡಿನಲ್ಲೇ ಒಪ್ಪಿಕೊಳ್ಳುತ್ತಾರೆ. ಕ್ರಿಸ್ತರಿಗೆ ಸುಗಂಧ ತೈಲದ ಅಗತ್ಯವಿರಲಿಲ್ಲ. ಆದರೂ ಅದನ್ನು ಸುರಿದ ಹೆಂಗಸನ್ನು ಅವರು ಕಳುಹಿಸಿಬಿಡಲಿಲ್ಲವಲ್ಲ ಎಂದು ಕೇಳುತ್ತಾರೆ. ಜಾಗರಣೆಯಲ್ಲಿ ಕೆಲವು ಯುವಕರು ಅಸಭ್ಯವಾಗಿ ನಡೆದರೆಂದು ಪಾಸ್ಖ ಜಾಗರಣೆಯನ್ನೇ ನಿಲ್ಲಿಸಲಾಗದು ಎನ್ನುತ್ತಾರೆ. ಪೂರ್ವದ ಧರ್ಮಸಭೆಗಳಲ್ಲಿ ಶುಭಸಂದೇಶ ಓದುವಾಗ ಸೂರ್ಯ ಬೆಳಗುತ್ತಿದ್ದರೂ ದೀಪ ಹಚ್ಚುತ್ತಾರೆ, ಅದು ಆನಂದದ ಗುರುತು ಎಂದು ನೆನಪಿಸುತ್ತಾರೆ. ನಮ್ಮ ಹಬ್ಬದ ಬಲಿಪೂಜೆಗಳಲ್ಲಿ ಶುಭಸಂದೇಶದ ಎರಡೂ ಬದಿಯಲ್ಲಿ ಬತ್ತಿ ಹಿಡಿದು ನಿಲ್ಲುವ ಪೀಠಬಾಲಕರಿಗೆ ಇದನ್ನು ಹೇಳಿಕೊಡಬಹುದು.

404ರಲ್ಲಿ ಪೌಲಾ ತೀರಿಕೊಂಡರು. 410ರಲ್ಲಿ ರೋಮ್ ಲೂಟಿಯಾಗಿ ನಿರಾಶ್ರಿತರು ಬೆತ್ಲೆಹೇಮಿನ ಬಾಗಿಲು ತಟ್ಟಿದಾಗ ಜೆರೋಮರು ವ್ಯಾಖ್ಯಾನದ ಕೆಲಸ ಬದಿಗಿಟ್ಟು ಅವರನ್ನು ನೋಡಿಕೊಂಡರು. 416ರಲ್ಲಿ ದುಷ್ಕರ್ಮಿಗಳು ಮಠಗಳಿಗೆ ಬೆಂಕಿ ಹಚ್ಚಿದರು. 420ರ ಸೆಪ್ಟೆಂಬರ್ 30ರಂದು ಅವರು ಅಲ್ಲಿಯೇ ದೈವಾಧೀನರಾದರು. ಅವರ ಲತೀನ್ ಬೈಬಲ್ ಮುಂದೆ ವಲ್ಗೇಟ್ ಎನಿಸಿ, 1546ರಲ್ಲಿ ಟ್ರೆಂಟ್ ಮಹಾಸಭೆಯ ಅಧಿಕೃತ ಮನ್ನಣೆ ಪಡೆಯಿತು. ಕೀರ್ತನೆಗಳ ವಿಷಯದಲ್ಲಿ ಮಾತ್ರ ಬೇರೆಯೇ ಆಯಿತು. ಹೀಬ್ರೂವಿನಿಂದ ಅವರು ನೇರವಾಗಿ ಅನುವಾದಿಸಿದ ಕೀರ್ತನೆಗಳು ಪಂಡಿತರ ಪುಸ್ತಕಗಳಲ್ಲಿಯೇ ಉಳಿದವು. ಅದಕ್ಕೂ ಮೊದಲು ಗ್ರೀಕ್ ಪಾಠವನ್ನು ನೋಡಿ, ಜನರ ನಾಲಗೆಯಲ್ಲಿದ್ದ ಹಳೆಯ ಪದಗಳನ್ನು ಆದಷ್ಟು ಉಳಿಸಿಕೊಂಡು ಅವರು ತಿದ್ದಿದ್ದ ಪಾಠವನ್ನೇ ಗುರುಗಳು, ಕನ್ಯಾಸ್ತ್ರೀಯರು ಶತಮಾನಗಳ ಕಾಲ ಹಗಲಿರುಳು ಹಾಡಿದರು.