ನ್ಯಾಯವಾದ ಅಳತೆಗಾಗಿ ದುಡಿದ ಜಿಮ್ ಗ್ರೇ

ಬ್ಯಾಂಕಿನಲ್ಲಿ ಹಣ ಕಟ್ಟುವಾಗ, ರೈಲಿನಲ್ಲಿ ಸ್ಥಳ ಕಾದಿರಿಸುವಾಗ, ಪರೀಕ್ಷೆಯ ಫಲಿತಾಂಶ ನೋಡುವಾಗ ನಾವೆಲ್ಲರೂ ಡೇಟಾಬೇಸ್ ಎಂಬ ಮಹಾ ಕಡತವೊಂದನ್ನು ಪ್ರಶ್ನಿಸುತ್ತಿರುತ್ತೇವೆ. ಆ ಕಡತವು ನಂಬಿಕೆಗೆ ಅರ್ಹವಾಗಿರಬೇಕು. ಅದರ ವೇಗವನ್ನು ಅಳೆಯುವ ಕೋಲೂ ಅಷ್ಟೇ ನಂಬಿಕೆಗೆ ಅರ್ಹವಾಗಿರಬೇಕು. ಈ ಎರಡಕ್ಕಾಗಿಯೂ ಬಾಳನ್ನು ಮುಡಿಪಿಟ್ಟವರು ಜಿಮ್ ಗ್ರೇ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಯಂತ್ರದ ಸೂಕ್ಷ್ಮಗಳಿಗಿಂತ ಅವುಗಳ ಹಿಂದಿರುವ ವಿವೇಕವೇ ನನ್ನನ್ನು ಸೆಳೆದಿದೆ.

ಗ್ರೇ ಅವರು 1944ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಿಸಿದರು. ತಾಯಿ ಉಪಾಧ್ಯಾಯಿನಿ. ಬರ್ಕ್ಲಿಯ ವಿಶ್ವವಿದ್ಯಾನಿಲಯದಲ್ಲಿ ಓದಿ, 1969ರಲ್ಲಿ ಅಲ್ಲಿನ ಗಣಕವಿಜ್ಞಾನ ವಿಭಾಗದ ಮೊತ್ತಮೊದಲ ಡಾಕ್ಟರೇಟ್ ಪದವಿಯನ್ನು ಪಡೆದರು. ಬಳಿಕ ಐಬಿಎಂ ಸಂಸ್ಥೆಯಲ್ಲಿ ‘ಸಿಸ್ಟಂ ಆರ್’ ಎಂಬ ಪ್ರಸಿದ್ಧ ಪ್ರಯೋಗದಲ್ಲಿ ಪಾಲ್ಗೊಂಡರು. ಒಂದು ಖಾತೆಯಿಂದ ಹಣ ತೆಗೆದು ಇನ್ನೊಂದಕ್ಕೆ ಹಾಕುವ ನಡುವೆ ಯಂತ್ರ ಕೆಟ್ಟರೆ, ಆ ವ್ಯವಹಾರ ಪೂರ್ಣವಾಗಿ ನಡೆದಿರಬೇಕು, ಇಲ್ಲವೇ ನಡೆದೇ ಇರಬಾರದು. ಈ ತತ್ತ್ವವನ್ನು ಗಟ್ಟಿಗೊಳಿಸಿದವರಲ್ಲಿ ಅವರು ಅಗ್ರಗಣ್ಯರು. 1980ರಲ್ಲಿ ಅವರು ಟ್ಯಾಂಡೆಮ್ ಸಂಸ್ಥೆಯನ್ನು ಸೇರಿದರು.

ಆ ಕಾಲದಲ್ಲಿ ಪ್ರತಿಯೊಂದು ಕಂಪನಿಯೂ ತನ್ನ ಯಂತ್ರವೇ ಅತಿ ವೇಗದ್ದೆಂದು ಸಾರುತ್ತಿತ್ತು. ಆದರೆ ಅಳತೆಯಲ್ಲೇ ಒಂದು ಮರ್ಮವಿತ್ತು. ಅದನ್ನು ನಮ್ಮೆಲ್ಲರಿಗೂ ಪರಿಚಿತವಾದ ಗ್ರಂಥಾಲಯದ ಉಪಮೆಯಿಂದ ಹೇಳುತ್ತೇನೆ. ಒಳಕೋಣೆಯ ಬೀರುವಿನಿಂದ ಪುಸ್ತಕ ತರಲು ಪರಿಚಾರಕನಿಗೆ ಹೊತ್ತು ಹಿಡಿಯುತ್ತದೆ. ಅದನ್ನೇ ಮತ್ತೆ ಕೇಳಿದರೆ, ಮೇಜಿನ ಮೇಲಿರುವುದನ್ನು ಕ್ಷಣದಲ್ಲಿ ಕೊಟ್ಟುಬಿಡುತ್ತಾನೆ. ಎರಡನೆಯ ಸಲ ಅಳೆದದ್ದು ಮೇಜಿನ ಮಹಿಮೆಯೇ ಹೊರತು ಅವನ ಕಾಲಿನ ವೇಗವಲ್ಲ. ಗಣಕದಲ್ಲಿ ಬೀರುವೆಂದರೆ ಡಿಸ್ಕ್, ಮೇಜೆಂದರೆ ಕ್ಯಾಶ್ ಎಂಬ ಸ್ಮೃತಿಭಾಗ. ಇಡೀ ಗ್ರಂಥಾಲಯವೇ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದಾದರೆ ಯಾವ ಪರಿಚಾರಕನೂ ವೀರನೇ!

1985ರ ಏಪ್ರಿಲ್ 1ರಂದು ‘ಡೇಟಾಮೇಷನ್’ ಪತ್ರಿಕೆಯಲ್ಲಿ ಗ್ರೇ ಮತ್ತು ಮಿತ್ರರು ಒಂದು ಪರೀಕ್ಷಾಕ್ರಮವನ್ನು ಪ್ರಕಟಿಸಿದರು. ಬೇರೆಬೇರೆ ಸಂಸ್ಥೆಗಳವರು ಕೂಡಿ ಬರೆದ ಅದಕ್ಕೆ ಲೇಖಕರ ಹೆಸರು ಹಾಕದೆ ಅನಾಮಿಕವೆಂದೇ ಅಚ್ಚುಮಾಡಿದರು. ಬ್ಯಾಂಕಿನ ಜಮಾ-ಖರ್ಚೇ ಅದರ ಮಾದರಿ. ಸೆಕೆಂಡಿಗೆ 100 ವ್ಯವಹಾರ ನಡೆಸುತ್ತೇನೆನ್ನುವ ಯಂತ್ರದಲ್ಲಿ 1 ಕೋಟಿ ಖಾತೆಗಳೂ 1,000 ಶಾಖೆಗಳೂ ಇರಬೇಕು. ವೇಗದ ಹೇಳಿಕೆ ಬೆಳೆದಂತೆ ಕಡತವೂ ಬೆಳೆಯಬೇಕು. ಶೇಕಡ 95 ವ್ಯವಹಾರಗಳಿಗೆ ಒಂದು ಸೆಕೆಂಡಿನೊಳಗೆ ಉತ್ತರ ಬರಬೇಕು. ಯಂತ್ರದ ಬೆಲೆಯನ್ನೂ ತಿಳಿಸಬೇಕು. ಇಲ್ಲಿ ಕ್ಯಾಶನ್ನು ನಿಷೇಧಿಸಲಿಲ್ಲವೆಂಬುದು ಗಮನಾರ್ಹ. ಪದೇಪದೇ ಬೇಕಾಗುವ ಶಾಖೆಗಳ ಲೆಕ್ಕ ಸಹಜವಾಗಿಯೇ ಮೇಜಿನ ಮೇಲೆ ಉಳಿಯುತ್ತದೆ. ಚೆದುರಿದ ಕೋಟಿ ಖಾತೆಗಳಿಗಾದರೋ ಬೀರುವಿನವರೆಗೆ ಹೋಗಲೇಬೇಕು. ನಿಜವಾದ ಬ್ಯಾಂಕಿನಲ್ಲಿ ಕ್ಯಾಶಿನಿಂದ ಎಷ್ಟು ನೆರವು ಸಿಗುವುದೋ ಪರೀಕ್ಷೆಯಲ್ಲಿಯೂ ಸುಮಾರು ಅಷ್ಟೇ ಸಿಗಬೇಕು. ನ್ಯಾಯವೆಂದರೆ ಇದೇ ಅಲ್ಲವೇ? 1988ರಲ್ಲಿ ಸ್ಥಾಪನೆಯಾದ ಟಿಪಿಸಿ ಎಂಬ ಮಂಡಲಿಯ ಮೊದಲ ಪರೀಕ್ಷೆಗಳು ಈ ಬುನಾದಿಯ ಮೇಲೆಯೇ ನಿಂತವು.

ಮೇಜಿನ ಮೇಲೆ ಯಾವುದನ್ನು ಇಟ್ಟುಕೊಳ್ಳಬೇಕು? ಇದಕ್ಕೂ ಅವರು ಲೆಕ್ಕ ಕಟ್ಟಿದರು. 1987ರಲ್ಲಿ ಫ್ರಾಂಕೋ ಪುಟ್ಜೋಲು ಅವರೊಡನೆ, ಸ್ಮೃತಿಯ ಬೆಲೆಯನ್ನೂ ಡಿಸ್ಕಿನ ಬೆಲೆಯನ್ನೂ ತೂಗಿ, ಐದು ನಿಮಿಷಕ್ಕೊಮ್ಮೆಯಾದರೂ ಬೇಕಾಗುವ ಪುಟವನ್ನು ಸ್ಮೃತಿಯಲ್ಲಿಡುವುದೇ ಲಾಭವೆಂದು ತೋರಿಸಿದರು. ಬೆಲೆಗಳು ಬದಲಾದರೆ ನಿಮಿಷಗಳೂ ಬದಲಾಗುತ್ತವೆ. ಲೆಕ್ಕದ ರೀತಿ ಮಾತ್ರ ಉಳಿಯುತ್ತದೆ.

1995ರಲ್ಲಿ ಮೈಕ್ರೋಸಾಫ್ಟ್ ಸೇರಿದ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು. ಮುಂದೆ ಖಗೋಳ ವಿಜ್ಞಾನಿಗಳೊಡನೆ ಸೇರಿ, ಆಕಾಶದ ಸಮೀಕ್ಷೆಯನ್ನು ಯಾರು ಬೇಕಾದರೂ ಪ್ರಶ್ನಿಸಬಹುದಾದ ಡೇಟಾಬೇಸನ್ನಾಗಿ ಮಾಡಿದರು.

2007ರ ಜನವರಿ 28ರಂದು ತಾಯಿಯ ಚಿತಾಭಸ್ಮವನ್ನು ಸಮುದ್ರದಲ್ಲಿ ವಿಸರ್ಜಿಸಲು ಫ್ಯಾರಲಾನ್ ದ್ವೀಪಗಳತ್ತ ಒಬ್ಬರೇ ಹಾಯಿದೋಣಿಯಲ್ಲಿ ಹೊರಟ ಅವರು ಹಿಂದಿರುಗಲಿಲ್ಲ. ಕರಾವಳಿ ರಕ್ಷಕರು ಹುಡುಕಿದರು. ಸಾವಿರಾರು ಜನ ಉಪಗ್ರಹದ ಚಿತ್ರಗಳನ್ನು ತಡಕಿದರು. ದೋಣಿಯ ಸುಳಿವು ಸಿಗಲಿಲ್ಲ. 2012ರಲ್ಲಿ ನ್ಯಾಯಾಲಯ ಅವರನ್ನು ಮೃತರೆಂದು ಘೋಷಿಸಿತು.

ಒಮ್ಮೆ ಓದಿದ ಪಾಠವನ್ನೇ ಮತ್ತೆ ಕೇಳಿ ನಮ್ಮ ಬುದ್ಧಿಯನ್ನು ಅಳೆದರೆ ನಾವೆಲ್ಲರೂ ಪಂಡಿತರೇ. ಅಳೆಯುವ ಮುನ್ನ ಯಾವುದನ್ನು ಅಳೆಯುತ್ತಿದ್ದೇವೆಂದು ಕೇಳಿಕೊಳ್ಳಬೇಕೆಂಬುದೇ ಈ ಮಹನೀಯರ ಬಾಳಿನಿಂದ ನಾನು ಕಲಿತ ಪಾಠ. ಯಂತ್ರಗಳನ್ನು ಮುಟ್ಟದವರಿಗೂ ಇದು ಬೇಕಾದದ್ದೇ.