ಆಂಡರ್ಸನ್ ದೊರೆಯ ಕೋವಿ

ಚಾಮರಾಜನಗರದಿಂದ ದಿಂಬಂ ಘಾಟಿ ಇಳಿಯುವವರಿಗೆ ರಾಜನಗರ ಗೊತ್ತು. ಗುಂಡ್ಲುಪೇಟೆಯಿಂದ ಬಂಡೀಪುರ ದಾಟಿ ಮುದುಮಲೆ ಕಡೆ ಹೋಗುವವರಿಗೆ ಸೀಗೂರು ಗೊತ್ತು. ಈ ಎರಡೂ ಕಡೆಯ ಹುಲಿಗಳ ಕತೆಯನ್ನು ಲೋಕಕ್ಕೆಲ್ಲ ಹೇಳಿದವರು ಕೆನೆತ್ ಆಂಡರ್ಸನ್. ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕಥೆಗಳನ್ನು ಓದಿದವರಿಗೆ ಈ ದೊರೆ ಹೊಸಬರೇನಲ್ಲ.

ಹುಟ್ಟಿದ್ದು 1910ರಲ್ಲಿ, ಹೈದರಾಬಾದ್ ಬಳಿಯ ಬೊಲಾರಂನಲ್ಲಿ. ಸ್ಕಾಟ್ಲೆಂಡ್ ಮೂಲದ ಮನೆತನ, ಆದರೆ ತಲೆಮಾರುಗಳಿಂದ ಇಲ್ಲೇ ಬೇರು ಬಿಟ್ಟಿತ್ತು. ಓದು ಬೆಂಗಳೂರಿನಲ್ಲಿ, ನೌಕರಿ ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ. ಕನ್ನಡ, ತಮಿಳು ಎರಡೂ ಬರುತ್ತಿದ್ದವು. ಹಳ್ಳಿಯವರ ಕಷ್ಟ ಕೇಳೋಕೆ ದುಭಾಷಿ ಬೇಕಿರಲಿಲ್ಲ.

ಕೈಯಲ್ಲಿದ್ದದ್ದು 1895ರ ಮಾದರಿಯ 405 ವಿಂಚೆಸ್ಟರ್ ರೈಫಲ್. ಅಮೆರಿಕದ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕದ ಷಿಕಾರಿಗೆ ಒಯ್ದದ್ದೂ ಇದೇ ಜಾತಿಯದು. ಪೆಟ್ಟಿಗೆಯಲ್ಲಿ 4 ತೋಟಾ, ನಳಿಗೆಯಲ್ಲಿ 1. ಕೆಳಗಿನ ಲೀವರನ್ನು ಪೂರ್ತಿ ಎಳೆದರೆ ಖಾಲಿ ತೋಟಾ ಹೊರಕ್ಕೆ ಹಾರುತ್ತೆ, ಸ್ಪ್ರಿಂಗು ಮುಂದಿನದನ್ನು ಮೇಲಕ್ಕೆ ನೂಕುತ್ತೆ. ಲೀವರ್ ವಾಪಸು ಒತ್ತಿದರೆ ಅದು ನಳಿಗೆ ಸೇರುತ್ತೆ. ಗಾಬರಿಯಲ್ಲಿ ಅರ್ಧಕ್ಕೇ ಎಳೆದರೆ? ಖಾಲಿಯದು ಅಲ್ಲೇ ಸಿಕ್ಕಿಕೊಳ್ಳುತ್ತೆ, ಇಲ್ಲವೆ ಹೊಸದು ಏಳುವುದೇ ಇಲ್ಲ. ತುಂಬುವಾಗಲೂ ಎಚ್ಚರ ಬೇಕು. ಈ ತೋಟಾದ ಬುಡಕ್ಕೆ ಅಂಚುಂಟು. ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ. ಹುಲಿ ಎದುರಿಗೆ ಬರುವಾಗ ಅದನ್ನ ಬಿಡಿಸ್ತಾ ಕೂರೋಕಾಗುತ್ತಾ? ಅದಕ್ಕೇ ಗುರಿಯಷ್ಟೇ ಕೈಪಳಗಿಕೆಯೂ ಬೇಕು. ಕತ್ತಲಲ್ಲೂ ಕೈ ತಾನಾಗಿ ಕೆಲಸ ಮಾಡಬೇಕು.

ಮೊದಲ ಈಡು ಜಾರಿ ಎರಡನೆಯದು ಹಾರದಿದ್ದರೆ ನಷ್ಟ ಷಿಕಾರಿಯೊಬ್ಬನಿಗೇ ಅಲ್ಲ. ಗಾಯಗೊಂಡ ಹುಲಿಗೆ ಜಿಂಕೆ ಸಿಗೋದಿಲ್ಲ. ಮೊದಲು ದನ, ಆಮೇಲೆ ದನ ಕಾಯುವ ಹುಡುಗ. ಎಷ್ಟೋ ನರಭಕ್ಷಕಗಳು ಹುಟ್ಟಿದ್ದು ಮನುಷ್ಯನ ಅರೆಬರೆ ಈಡಿನಿಂದಲೇ ಅಂತ ಆಂಡರ್ಸನ್ ಬರೆದರು. ಸರ್ಕಾರಿ ಲೆಕ್ಕದಲ್ಲಿ 1939ರಿಂದ 1966ರವರೆಗೆ ಅವರು ಹೊಡೆದ ನರಭಕ್ಷಕಗಳು 7 ಹುಲಿ, 8 ಚಿರತೆ. ಯಾರೋ ಹಾರಿಸಿ ಬಿಟ್ಟುಹೋದ ಗುಂಡಿನ ಸಾಲ ತೀರಿಸೋದೇ ಎಷ್ಟೋ ಸಲ ಅವರ ಕೆಲಸವಾಗಿತ್ತು.

ಬರಬರುತ್ತಾ ಕೋವಿ ಹಿಂದಾಗಿ ಕ್ಯಾಮೆರಾ ಮುಂದಾಯಿತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. ಮಹಾರಾಜರ ಬೇಟೆಯ ಕಾಡಾಗಿದ್ದ ಬಂಡೀಪುರ 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಮರುವರ್ಷ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ತೀರಿಕೊಂಡರು.

ಷಿಕಾರಿಯ ಕಾಲ ಮುಗಿಯಿತು. ಆದರೆ ಹಂದಿಗೆ ಅಂತ ಹೊಲದಂಚಿನಲ್ಲಿ ಕಳ್ಳಕೋವಿ ಹಿಡಿದು ಕೂರುವವರು, ಉರುಳು ಒಡ್ಡುವವರು ಒಂದು ಮಾತು ನೆನಪಿಡಬೇಕು. ಗಾಯಗೊಂಡ ಹುಲಿ ಹೊಡೆದವನ ಮನೆಯನ್ನೇ ಹುಡುಕಿಕೊಂಡು ಹೋಗೋದಿಲ್ಲ. ಹತ್ತಿರ ಸಿಕ್ಕಿದ ಬಡವನ ಹಟ್ಟಿಗೇ ಬರುತ್ತೆ.